ಒಂದು ಮಾರು, ಮೇಲೊಂದು ಮೊಳ

ಗ್ರೀನ್‌ಲ್ಯಾಂಡಿನ ಇನ್ಯೂಟ್ ಬೇಟೆಗಾರ ತನ್ನ ಕಯಾಕ್ ದೋಣಿಗೆ ಹುಟ್ಟು ಕೆತ್ತುವಾಗ ಟೇಪು ಹುಡುಕುತ್ತಿರಲಿಲ್ಲ. ಎರಡೂ ತೋಳು ಚಾಚಿದರೆ ಒಂದು ಮಾರು, ಅದರ ಮೇಲೊಂದು ಮೊಳ. ಉದ್ದದ ಲೆಕ್ಕ ಮುಗಿಯಿತು. ಅಲಗಿನ ಅಗಲ ಕೈಯಲ್ಲಿ ಹಿಡಿಯುವಷ್ಟು, ಸುಮಾರು 9 ಸೆಂ.ಮೀ. ನಮ್ಮ ಹೂವಾಡಗಿತ್ತಿ ಅಲ್ಲಿಗೆ ಹೋದರೂ ವ್ಯಾಪಾರ ಕುದುರಿಸಬಲ್ಲಳು. ಮೊಳ ಗಿಡ್ಡ ಮಾಡುವ ವಿದ್ಯೆ ಮಾತ್ರ ನಡೆಯದು, ಅಳೆದವನೇ ಸಮುದ್ರಕ್ಕಿಳಿಯಬೇಕಲ್ಲ!

ಹೆಚ್ಚುಕಡಿಮೆ ಮರವೇ ಇಲ್ಲದ ನಾಡದು. ಸೈಬೀರಿಯದ ನದಿಗಳಿಂದ ಕೊಚ್ಚಿಬಂದು ದಡ ಸೇರಿದ ದಿಮ್ಮಿಯೇ ಗತಿ. ಅಲೆ ತಂದುಕೊಟ್ಟದ್ದಕ್ಕೆ ‘ಬೇರೆ ಬಣ್ಣ ಇದೆಯೇ?’ ಎಂದು ಕೇಳುವಂತಿಲ್ಲ. ಹುಟ್ಟಿನ ತುದಿ ಸವೆಯದಂತೆ ಮೂಳೆ ಕೂರಿಸಿದರಾಯಿತು.

ಹುಟ್ಟು ಕೊಳ್ಳುವ ಈಗಿನ ಗಿರಾಕಿಗೆ ಮರದ ಆಯ್ಕೆಯೇ ತಲೆನೋವು. ಸೀಡರ್ ಹಗುರ, ಬಂಡೆಗೆ ತಾಗಿದರೆ ತಗ್ಗು. ಆ್ಯಶ್ ಗಟ್ಟಿ, ಸಂಜೆಯ ಹೊತ್ತಿಗೆ ಭುಜ ಅದರ ಭಾರ ಹೇಳುತ್ತದೆ. ಒಂದು ಕಣ್ಣು ಮುಚ್ಚಿ ಹುಟ್ಟಿನುದ್ದಕ್ಕೂ ನೋಡಿ: ಮರದ ಎಳೆ ನೇರ ಓಡಿರಬೇಕು, ಗಂಟಿರಬಾರದು. ಏನೂ ತಿಳಿಯದಿದ್ದರೂ ಈ ಭಂಗಿಗೆ ಅಂಗಡಿಯವನು ಸ್ವಲ್ಪ ಹೆದರುತ್ತಾನೆ.

ವಾರ್ನಿಷೋ ಎಣ್ಣೆಯೋ ಅಂದರೆ ನನ್ನ ಮತ ಎಣ್ಣೆಗೆ. ಒದ್ದೆ ಕೈಗೂ ಹಿಡಿತ ಸಿಗುತ್ತದೆ. ವಾರ್ನಿಷಿನ ಹೊಳಪು ನೋಡಿದವರಿಗೆ ಹುಟ್ಟನ್ನು ನೀರಿಗಿಳಿಸುವ ಮನಸ್ಸೇ ಬರುವುದಿಲ್ಲ. ಅದು ಹಜಾರದ ಗೋಡೆ ಏರುತ್ತದೆ, ದೋಣಿಗೆ ಇನ್ನೊಂದು ಪ್ಲಾಸ್ಟಿಕ್ಕಿನದು ಕೊಳ್ಳಬೇಕಾಗುತ್ತದೆ.