ಕಿಲೋಮೀಟರ್ ರಾಯರು

ಮಗಳು ಅಮೆರಿಕದಲ್ಲಿದ್ದಾಳೆ ಎಂದರೆ ಜನ ಯಾವ ಕಂಪನಿ, ಗ್ರೀನ್ ಕಾರ್ಡ್ ಬಂತಾ, ಮಕ್ಕಳೆಷ್ಟು ಎಂದು ಕೇಳುತ್ತಾರೆ. ಕಿಲೋಮೀಟರ್ ರಾಯರು ಕೇಳುವುದು ಒಂದೇ: “ಯಾವ ಏರ್‌ಪೋರ್ಟು?” ಅದರ ಅಕ್ಷಾಂಶ, ರೇಖಾಂಶ ಅವರಿಗೆ ಬಾಯಿಪಾಠ. ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಅಳೆದು ನಿವೃತ್ತರಾದವರು. ಈಗ ಅಳೆಯಲು ಆಕಾಶವೊಂದೇ ಬಾಕಿ. ಇಂಥವರು ಬಡಾವಣೆಗೊಬ್ಬರು ಇದ್ದೇ ಇರುತ್ತಾರೆ, ಜಯನಗರದಲ್ಲಿ ಬ್ಲಾಕಿಗೊಬ್ಬರು.

ಮೊನ್ನೆ ಮದುವೆಯೂಟದಲ್ಲಿ ಪಕ್ಕದ ಎಲೆಯ ಹೆಂಗಸು ಪಾಪ, ಮಗಳಿರುವುದು ಸ್ಯಾನ್ ಫ್ರಾನ್ಸಿಸ್ಕೊ ಎಂದುಬಿಟ್ಟರು. “ಎಷ್ಟು ದೂರವೋ ಏನೋ” ಎಂದು ನಿಟ್ಟುಸಿರೂ ಬಿಟ್ಟರು. ನಿಟ್ಟುಸಿರಿಗೆ ಉತ್ತರ ಕೊಡಬಾರದೆಂಬುದು ರಾಯರಿಗೆ ತಿಳಿಯದು. ಎಲೆಯ ಮೇಲಿದ್ದ ಲಾಡು ಕೈಗೆ ಬಂತು.

“ನೋಡೀಮ್ಮಾ, ಈ ದ್ರಾಕ್ಷಿ ನಮ್ಮ ದೇವನಹಳ್ಳಿ. ಈ ಗೋಡಂಬಿ ನಿಮ್ಮ ಮಗಳೂರು. ಗೋಡೆಗೆ ತೂಗುಹಾಕೋ ಮ್ಯಾಪು ನಂಬಬೇಡಿ, ಅದು ಚಪ್ಪಟೆ.” ಪಾಯಸದಿಂದ ಒಂದು ಎಳೆ ಶಾವಿಗೆ ಎತ್ತಿ ಲಾಡಿನ ಮೇಲೆ ಬಿಗಿಯಾಗಿ ಎಳೆದರು. ಶಾವಿಗೆ ಪೆಸಿಫಿಕ್ ಸಾಗರದ ಕಡೆ ಹೊರಳದೆ ಸೈಬೀರಿಯಾದ ನೆತ್ತಿಯ ಮೇಲೆ, ಸುಮಾರು 71 ಡಿಗ್ರಿ ಉತ್ತರದವರೆಗೆ ಏರಿ ಅಲಾಸ್ಕದ ಕಡೆಗೆ ಇಳಿಯಿತು. “ಇದೇ ಹತ್ತಿರದ ದಾರಿ. ನಡುವಿನ ಕೋನ 125.8 ಡಿಗ್ರಿ. ಡಿಗ್ರಿಗೆ 111.2 ಕಿಲೋಮೀಟರ್. ಒಟ್ಟು ಹತ್ತಿರಹತ್ತಿರ 13,990!”

ಬಡಿಸುವವನು ಸಾರಿನ ಬಕೆಟ್ ಹಿಡಿದು ಕಾಯುತ್ತಲೇ ಇದ್ದ.

2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲೆ ಹಾರಿಸಿಕೊಂಡು ಬೆಂಗಳೂರಿಗೆ ತಂದಾಗ ಊರೆಲ್ಲ ಹೆಮ್ಮೆಪಟ್ಟಿತು. ರಾಯರೂ ಪಟ್ಟರು, ಆದರೆ ಲೆಕ್ಕ ಹಾಕಿದ ಮೇಲೆ. ಧ್ರುವದ ಬಿಂದುವನ್ನೇ ಮುಟ್ಟಿ ಬಂದರೆ ಸುಮಾರು 375 ಕಿಲೋಮೀಟರ್ ಜಾಸ್ತಿ! ಎರಡು ದಿನ ಮುಖ ಸಪ್ಪಗಿತ್ತು. ಆಮೇಲೆ, “ಗಾಳಿ ನೋಡ್ಕೊಂಡು ಹೋಗಿರ್ತಾರೆ. ಎದುರುಗಾಳಿಯ ಹತ್ತಿರದ ದಾರಿಗಿಂತ ಹಿಂಗಾಳಿಯ ಸುತ್ತುದಾರಿ ಎಷ್ಟೋ ಸಲ ಬೇಗ” ಎಂದು ತಾವೇ ಕ್ಷಮಿಸಿದರು. ಭೂಮಿಯನ್ನು ಮಾತ್ರ ಇನ್ನೂ ಕ್ಷಮಿಸಿಲ್ಲ. ಅದು ಪೂರ್ತಿ ದುಂಡಗಿಲ್ಲ. ಸಮಭಾಜಕದಲ್ಲಿ ತ್ರಿಜ್ಯ 6,378, ಧ್ರುವದಲ್ಲಿ 6,357. ಗುತ್ತಿಗೆದಾರರ ಕೆಲಸದಂತಿದೆ ಎನ್ನುತ್ತಾರೆ.

ಅಂಥವರನ್ನೂ ಸೋಲಿಸಿದ್ದು ಟಿಕೆಟ್ ದರ. ಪಕ್ಕದ ಮನೆಯವರು ಸ್ಯಾನ್ ಫ್ರಾನ್ಸಿಸ್ಕೊಗೆ ದುಬೈ ಮಾರ್ಗವಾಗಿ ಟಿಕೆಟ್ ತೆಗೆಸಿದರು. ದುಬೈಗೆ ಸುಮಾರು 2,700, ಅಲ್ಲಿಂದ 13,000 ಚಿಲ್ಲರೆ. ನೇರ ದಾರಿಗಿಂತ ಸಾವಿರದ ಏಳುನೂರರಷ್ಟು ಹೆಚ್ಚು. ದರ ಮಾತ್ರ ಕಡಿಮೆ! ರಾಯರು ಗೇಟಿನ ಹತ್ತಿರವೇ ನಿಂತುಬಿಟ್ಟರು. “ಸುತ್ತಿ ಹೋದವರಿಗೆ ರಿಯಾಯಿತೀನಾ? ನಮ್ಮ ಸರ್ಕಾರಿ ಬಸ್ಸಲ್ಲಿ ಸ್ಟೇಜಿಗೆ ಇಷ್ಟು ಅಂತ ಇಲ್ವೇನ್ರೀ?” ಖಾಲಿ ಸೀಟು, ಪೈಪೋಟಿ, ಬೇಡಿಕೆ ಎಂದೆಲ್ಲ ಸೊಸೆ ಬಿಡಿಸಿ ಹೇಳಿದಳು. ಅವರಿಗೆ ಅದು ಲೆಕ್ಕವಲ್ಲ, ವ್ಯಾಪಾರ.

ಆದ್ದರಿಂದ ಓದುಗರಲ್ಲಿ ಒಂದು ಅರಿಕೆ: ವಿದೇಶಕ್ಕೆ ಹೋಗುವುದಿದ್ದರೆ ರಾಯರಿಗೆ ದಾರಿ ಧಾರಾಳವಾಗಿ ತೋರಿಸಿ, ಟಿಕೆಟ್ ದರ ಮಾತ್ರ ಹೇಳಬೇಡಿ. ವಯಸ್ಸಾಗಿದೆ, ರಕ್ತದೊತ್ತಡವೂ ಇದೆ.