ಥಿಯರಿ ಪಾಸು, ಪ್ರಾಕ್ಟಿಕಲ್ ಬೇರೆಯವರಿಗೆ

ಹುಡುಗ ಬಿ.ಎ.ಗೆ ಕ್ರಿಮಿನಾಲಜಿ ತಗೊಂಡಿದ್ದಾನೆ ಎಂದರೆ ಬಂಧುಬಳಗ ಮೊದಲು ಅವನ ಮುಖ ನೋಡುತ್ತದೆ, ಆಮೇಲೆ ಅವನಪ್ಪನ ಮುಖ. ‘ಕಳ್ಳರ ವಿಷಯ ತಿಳಿಯೋಕೆ ಫೀಸು ಯಾಕೋ ಕಟ್ಟಬೇಕು, ದಿನಾ ಪೇಪರ್ ಓದಿದ್ರೆ ಸಾಲದಾ?’ ಎಂದು ಯಾರಾದರೊಬ್ಬ ಸೋದರಮಾವ ಕೇಳಿಯೇ ಕೇಳುತ್ತಾನೆ. ಮೈಸೂರಿನ ಮಹಾರಾಜ ಕಾಲೇಜು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಂಥ ಕಡೆ ಕಲಿಸುವ ಶಾಸ್ತ್ರಕ್ಕೆ ಮನೆಯಲ್ಲಿ ಸಿಗುವ ಮರ್ಯಾದೆ ಇಷ್ಟು. ಮಾವನ ಪ್ರಶ್ನೆಯಲ್ಲಿ ಅನ್ಯಾಯವೇನೂ ಇಲ್ಲ ಎಂಬುದೇ ಕಷ್ಟ.

ಪಾಠ ಶುರುವಾಗುವುದು ತಲೆಬುರುಡೆಯಿಂದ. ಇಟಲಿಯ ಲೊಂಬ್ರೋಸೊ ಎಂಬ ವೈದ್ಯ ಕೈದಿಗಳ ದವಡೆ, ಕಿವಿ, ಹಣೆ ಅಳೆದು, ಕೆಲವರು ಹುಟ್ಟುವಾಗಲೇ ಅಪರಾಧಿಗಳು ಎಂದು 1876ರಲ್ಲಿ ಪುಸ್ತಕ ಬರೆದ. ಸತ್ತ ಮೇಲೆ ಅವನದೇ ಅಸ್ಥಿಪಂಜರ ಟ್ಯೂರಿನ್‌ನ ಮ್ಯೂಸಿಯಂ ಸೇರಿತು. ಸಿದ್ಧಾಂತ ಸುಳ್ಳೆಂದು ಶಾಸ್ತ್ರದವರೇ ಒಪ್ಪಿ ಯಾವ ಕಾಲವಾಯಿತೋ; ಹತ್ತು ಅಂಕಕ್ಕೆ ‘ವಿಮರ್ಶಿಸಿ’ ಎಂದು ಕೇಳುವುದಷ್ಟೇ ಉಳಿದಿದೆ. ನೈಟ್ ಬೀಟಿನವರಿಗೆ ಮಾತ್ರ ಈ ಸುದ್ದಿ ಇನ್ನೂ ತಲುಪಿಲ್ಲ. ರಾತ್ರಿ ಹನ್ನೊಂದರ ನಾಕಾಬಂದಿಯಲ್ಲಿ ದೊಡ್ಡ ಕಾರಿಗೆ ಸೆಲ್ಯೂಟು, ಲುಂಗಿಯುಟ್ಟು ಹಳೇ ಮೊಪೆಡ್‌ನಲ್ಲಿ ಬಂದವನಿಗೆ ‘ಏಯ್, ಸೈಡಿಗೆ ಹಾಕೋ’.

ನನಗೆ ಬಲು ಇಷ್ಟವಾದ ಪ್ರಸಂಗ ಅಮೆರಿಕದ ಸದರ್ಲೆಂಡ್‌ನದು. ಅಪರಾಧ ಬರೀ ಬಡವರ ಕೇರಿಯ ಸ್ವತ್ತಲ್ಲ, ಟೈ ಕಟ್ಟಿದವರೂ ಪಾಲುದಾರರೇ ಎಂದು 1939ರಲ್ಲಿ ಸಾರಿದ ಪುಣ್ಯಾತ್ಮ. ‘ವೈಟ್ ಕಾಲರ್’ ಅಪರಾಧ ಎಂಬ ಹೆಸರು ಅವನದೇ. ಕಂಪನಿಗಳ ಹೆಸರು ಹಿಡಿದೇ ಪುಸ್ತಕ ಬರೆದ. ಮಾನನಷ್ಟ ಮೊಕದ್ದಮೆಯ ಭಯಕ್ಕೆ 1949ರಲ್ಲಿ ಹೆಸರುಗಳನ್ನೆಲ್ಲ ಕಿತ್ತು ಅಚ್ಚು ಹಾಕಿದರು. ಹೆಸರು ಸಮೇತ ಹೊರಬಂದದ್ದು 1983ರಲ್ಲಿ, ಆತ ತೀರಿಕೊಂಡು ಮೂವತ್ತು ವರ್ಷ ದಾಟಿದ ಮೇಲೆ. ಜೇಬುಗಳ್ಳನದಾದರೆ ಅವನ ಹೆಸರು, ಅಪ್ಪನ ಹೆಸರು, ಊರು, ಕೇರಿ ಎಲ್ಲ ಅವತ್ತೇ ಎಫ್‌ಐಆರ್‌ನಲ್ಲಿ ಬಂದಿರುತ್ತದೆ.

ಕಾನೂನಿನ ಕ್ಲಾಸಿನದು ಬೇರೆಯೇ ತಮಾಷೆ. 302 ಕೊಲೆ, 420 ಮೋಸ ಎಂದು ಬಾಯಿಪಾಠ ಮಾಡಿಕೊಂಡವರಿಗೆ 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಬಂತು. ಕೊಲೆ 103ಕ್ಕೆ, ಮೋಸ 318ಕ್ಕೆ ಮನೆ ಬದಲಾಯಿಸಿದವು. ಅದಕ್ಕೆ ಮುಂಚಿನ ಅಪರಾಧಗಳಿಗೆ ಹಳೇ ಐಪಿಸಿಯೇ ಅನ್ವಯ. ನಮ್ಮ ಕೋರ್ಟುಗಳ ವಾಯಿದೆ ನೋಡಿದರೆ ಇವತ್ತು ಹುಟ್ಟಿದ ಮಗು ವಕೀಲನಾದಾಗಲೂ ಎರಡೂ ಪುಸ್ತಕ ಹೊತ್ತೇ ತಿರುಗಬೇಕಾದೀತು.

ನ್ಯಾಯ ಸಂಹಿತೆಯ ಜೊತೆಗೇ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಒಂದು 103 ಇದೆ. ಶೋಧನೆ ಮಾಡುವಾಗ ಸ್ವತಂತ್ರ, ಗೌರವಸ್ಥ ಸ್ಥಳೀಯರನ್ನು ಕರೆಯಬೇಕು ಅನ್ನುತ್ತದೆ ಅದು. ಮಹಜರಿನಲ್ಲಿ ಆ ಗೌರವಸ್ಥರು ಯಾರಪ್ಪ ಎಂದರೆ ಠಾಣೆಯೆದುರಿನ ಟೀ ಅಂಗಡಿಯವನು, ಜೊತೆಗೆ ಅಲ್ಲೇ ಬೈಟೂ ಕುಡಿಯುತ್ತಿದ್ದ ಆಟೋದವನು. ‘ಪೂರ್ವಕ್ಕೆ ಚರಂಡಿ, ಪಶ್ಚಿಮಕ್ಕೆ ಖಾಲಿ ಸೈಟು’ ಎಂದು ಚಕ್ಕುಬಂದಿ ಬರೆದ ಹಾಳೆಗೆ ಚರಂಡಿಯನ್ನೂ ಸೈಟನ್ನೂ ಕಾಣದೆ ರುಜು ಹಾಕುತ್ತಾರೆ. ವರ್ಷಗಳಾದ ಮೇಲೆ ಕಟಕಟೆ ಹತ್ತಿ, ‘ಸೈನ್ ಹಾಕು ಅಂದ್ರು, ಹಾಕಿದೆ ಸ್ವಾಮಿ’ ಎಂದು ಉಲ್ಟಾ ಹೊಡೆಯುತ್ತಾರೆ. ಪುಸ್ತಕದ ಪ್ರಕಾರ ಅವರು ಪ್ರತಿಕೂಲ ಸಾಕ್ಷಿಗಳು. ನನ್ನ ಪ್ರಕಾರ ಇಡೀ ಕೇಸಿನಲ್ಲಿ ನಿಜ ನುಡಿದವರು ಅವರಿಬ್ಬರೇ.

ಸರಿ, ಡಿಗ್ರಿ ಆಯಿತು, ಸಬ್ ಇನ್‌ಸ್ಪೆಕ್ಟರ್ ಆಗೋಣ ಎಂದು ಹುಡುಗ ಹೊರಟ. 2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ ಹುದ್ದೆಗೆ ಪರೀಕ್ಷೆ ನಡೆಯಿತು. ಖಾಲಿ ಬಿಟ್ಟ ಒಎಂಆರ್ ಗೋಲಗಳು ಆಮೇಲೆ ಹೇಗೋ ಕಪ್ಪಾದವು ಎಂಬುದು ಆರೋಪ. ಪರೀಕ್ಷೆ ರದ್ದಾಯಿತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯನ್ನೇ 2022ರ ಜುಲೈನಲ್ಲಿ ಸಿಐಡಿ ಬಂಧಿಸಿತು. ಅಪರಾಧ ಸಹವಾಸದಿಂದ ಕಲಿಯುವ ವಿದ್ಯೆ ಎಂದವನೂ ಸದರ್ಲೆಂಡನೇ. ನಮ್ಮ ಹುಡುಗ ಅದನ್ನು ಜೆರಾಕ್ಸ್ ನೋಟ್ಸಿನಿಂದ ಕಲಿತಿದ್ದ.

2024ರಲ್ಲಿ ಗೆದ್ದ 543 ಲೋಕಸಭಾ ಸದಸ್ಯರಲ್ಲಿ 251 ಮಂದಿ ತಮ್ಮ ಮೇಲೆ ಕ್ರಿಮಿನಲ್ ಕೇಸುಗಳಿವೆ ಎಂದು ಪ್ರಮಾಣಪತ್ರದಲ್ಲಿ ತಾವೇ ಬರೆದುಕೊಟ್ಟವರು. ಮತದಾರರು ಓದಿ, ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದರು. ಹುಡುಗನಿಗೆ ಕೊನೆಗೆ ಬೆಂಗಳೂರಿನ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿದೆ. ಸಾಫ್ಟ್‌ವೇರ್ ಕೆಲಸಕ್ಕೆ ಅರ್ಜಿ ಹಾಕಿದವರ ಮೇಲೆ ಎಲ್ಲಾದರೂ ಕೇಸು ಇದೆಯೇ ಎಂದು ದಿನವಿಡೀ ಹುಡುಕುತ್ತಾನೆ. ಅವನ ಸ್ವಂತ ಪೊಲೀಸ್ ವೆರಿಫಿಕೇಶನ್ ಇನ್ನೂ ಠಾಣೆಯಲ್ಲಿ ಪೆಂಡಿಂಗ್.