ಪೆಟ್ಟಿಗೆ ನಮ್ಮದು, ಕೀಲಿ ಯಾರದು?

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ಅಧ್ಯಕ್ಷರಿಗೆ ಕಾಂದಿವಲಿಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೆ,

ಮುಂಬೈಯ ಪಶ್ಚಿಮ ರೈಲ್ವೆಯಲ್ಲಿ ಮಲಾಡ್ ದಾಟಿ, ಬೊರಿವಲಿ ಬರುವ ಮೊದಲು ಸಿಗುವ ಕಾಂದಿವಲಿಯಿಂದ ಈ ಪತ್ರ ಬರೆಯುತ್ತಿದ್ದೇನೆ. ಉಡುಪಿ, ದಕ್ಷಿಣ ಕನ್ನಡದಿಂದ ಹೋಟೆಲು, ಬ್ಯಾಂಕು ಎಂದು ಬಂದವರು, ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಚಾರ್‌ಕೋಪ್, ಪೊಯ್ಸರ್, ಠಾಕೂರ್ ವಿಲೇಜ್‌ಗಳಲ್ಲಿ ನೆಲೆ ನಿಂತಿದ್ದಾರೆ. ಅವರ ಮನೆಗಳಲ್ಲಿ ಟಿವಿಯ ಪಕ್ಕ ಕೂತಿರುವ ಸೆಟ್‌ಟಾಪ್ ಬಾಕ್ಸ್ ಈ ಪತ್ರದ ವಿಷಯ.

ದೇಶದ ದೂರಸಂಪರ್ಕವನ್ನೆಲ್ಲ ನೋಡಿಕೊಳ್ಳುವ ಸಂಸ್ಥೆಗೆ ಇದು ಸಣ್ಣ ಸಂಗತಿ ಅನ್ನಿಸಬಹುದು. ಮುಂಬೈಯಲ್ಲಿ ವಯಸ್ಸಾದ ಕನ್ನಡಿಗರಿಗೆ ಅದು ಸಣ್ಣದಲ್ಲ. ಲಿಫ್ಟಿನಲ್ಲಿ ಗುಜರಾತಿ, ತರಕಾರಿ ಅಂಗಡಿಯಲ್ಲಿ ಹಿಂದಿ, ವಾರ್ಡ್ ಕಚೇರಿಯಲ್ಲಿ ಮರಾಠಿ. ಮಗ, ಸೊಸೆ ಬೆಳಗಿನ ಲೋಕಲ್ ಹಿಡಿದರೆ ಮನೆ ಸೇರುವುದು ರಾತ್ರಿ. ಮೊಮ್ಮಕ್ಕಳದು ಇಂಗ್ಲಿಷ್ ಶಾಲೆ. ಹಗಲೆಲ್ಲ ಕನ್ನಡದ ದನಿ ಕೇಳಬೇಕಾದರೆ ಟಿವಿಯೇ ಗತಿ. 2002ರಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ ಬರುತ್ತಿರುವ ರಸಪ್ರಶ್ನೆ ಕಾರ್ಯಕ್ರಮ ‘ಥಟ್ ಅಂತ ಹೇಳಿ’ ಗೆದ್ದವರಿಗೆ ಕನ್ನಡ ಪುಸ್ತಕಗಳನ್ನೇ ಬಹುಮಾನವಾಗಿ ಕೊಡುತ್ತದೆ. ಕನ್ನಡ ಓದಲು ಬಾರದ ಮೊಮ್ಮಗಳು ಅಜ್ಜಿಯ ಪಕ್ಕ ಕೂತು ಉತ್ತರ ಊಹಿಸುತ್ತಾಳೆಂದರೆ ಅದು ನಮ್ಮ ಪಾಲಿಗೆ ಒಂದು ಪಾಠಶಾಲೆ.

ಈ ಪೆಟ್ಟಿಗೆಯನ್ನು ನಾವು ಬೇಡಿ ತಂದದ್ದಲ್ಲ. 2011ರಲ್ಲಿ ಕೇಬಲ್ ಕಾಯ್ದೆಗೆ ತಿದ್ದುಪಡಿಯಾಯಿತು. ಡಿಜಿಟಲ್ ಪ್ರಸಾರ ಮೊದಲು ಕಡ್ಡಾಯವಾದ ನಾಲ್ಕು ಮಹಾನಗರಗಳಲ್ಲಿ ಮುಂಬೈ ಒಂದು. 2012ರ ಅಕ್ಟೋಬರ್ 31ರ ಗಡುವಿನ ನಂತರ ಬಾಕ್ಸ್ ಇಲ್ಲದ ಮನೆಯಲ್ಲಿ ಕೇಬಲ್ ನಡೆಯುವಂತಿರಲಿಲ್ಲ. ಸ್ಪಷ್ಟ ಚಿತ್ರ, ಹೆಚ್ಚು ವಾಹಿನಿ, ಬೇಕಾದುದಕ್ಕೆ ಮಾತ್ರ ಹಣ ಎಂದು ಆಗ ಭರವಸೆ ಕೊಟ್ಟರು. ಮೊದಲಿನ ಎರಡು ಭರವಸೆ ಈಡೇರಿದವು. ಮೂರನೆಯದರ ಬಗ್ಗೆಯೇ ನನ್ನ ತಕರಾರು.

ಬಾಕ್ಸ್ ಬರುವ ಮೊದಲು ಕೇಬಲ್‌ನವನಿಗೆ ಜಾಗ ಕಡಿಮೆಯಿತ್ತು. ಆದರೂ 1994ರಲ್ಲಿ ಉದಯ ಟಿವಿ ಶುರುವಾದ ಮೇಲೆ, ಬಿಲ್ಡಿಂಗಿನ ಹತ್ತಾರು ಕನ್ನಡ ಮನೆಗಳವರು ಒಟ್ಟಾಗಿ ಕೇಳಿದರೆ ಎಲ್ಲೋ ಒಂದು ಕಡೆ ಅದನ್ನು ಸೇರಿಸುತ್ತಿದ್ದ. ಅವನಿಗೆ ನಮ್ಮ ಮುಖ ಗೊತ್ತಿತ್ತು. ಈಗ ತಂತಿಯಲ್ಲಿ ನೂರಾರು ವಾಹಿನಿ ಹರಿಯುತ್ತವೆ, ಆದರೆ ಯಾವುದು ತೆರೆಯಬೇಕು, ಯಾವುದು ಮುಚ್ಚಬೇಕು ಎಂಬುದು ದೂರದ ಯಾವುದೋ ಸರ್ವರ್‌ನಲ್ಲಿ ತೀರ್ಮಾನವಾಗುತ್ತದೆ.

ನಿಮ್ಮ ಹೊಸ ದರ ನಿಯಮ 2019ರ ಫೆಬ್ರವರಿ 1ರಿಂದ ಮನೆಗಳಿಗೆ ಬಂತು. ನೂರು ವಾಹಿನಿಗೆ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ ಮೂಲ ಶುಲ್ಕ. ಹಣದ ವಾಹಿನಿಗಳನ್ನು ಒಂದೊಂದಾಗಿ ಆರಿಸುವ ಹಕ್ಕೂ ಸಿಕ್ಕಿತು. ಮರುವರ್ಷದ ತಿದ್ದುಪಡಿಯಲ್ಲಿ ಅದೇ 130 ರೂಪಾಯಿಗೆ ಇನ್ನೂರು ವಾಹಿನಿ ಕೊಡಬೇಕೆಂದಿರಿ. ಇವು ಒಳ್ಳೆಯ ನಿಯಮಗಳು. ಆದರೆ 2024ರ ಜುಲೈನಲ್ಲಿ ಮೂಲ ಶುಲ್ಕದ ಮಿತಿ ತೆಗೆದಿರಿ. ವಿತರಕರು ತಮ್ಮ ಪ್ಯಾಕ್‌ಗಳ ಮೇಲೆ ಕೊಡಬಹುದಾದ ರಿಯಾಯಿತಿಯನ್ನು ಶೇ. 15ರಿಂದ ಶೇ. 45ಕ್ಕೆ ಏರಿಸಿದಿರಿ. ರಿಯಾಯಿತಿ ದೊಡ್ಡದಾದಷ್ಟೂ ಬಿಡಿಯಾಗಿ ಆರಿಸುವವನಿಗೆ ನಷ್ಟ. ಪ್ಯಾಕ್ ಕಟ್ಟುವವರು ಊರಿನ ಬಹುಸಂಖ್ಯಾತರನ್ನು ನೋಡಿಯೇ ಕಟ್ಟುತ್ತಾರೆ. ನಮ್ಮ ಬಿಲ್ಡಿಂಗಿನಲ್ಲಿ ಹಿಂದಿ, ಮರಾಠಿ, ಗುಜರಾತಿ ಪ್ಯಾಕ್‌ಗಳು ಸಿದ್ಧವಾಗಿವೆ. ಕನ್ನಡ ಬೇಕಾದವರು ಅವುಗಳಲ್ಲೊಂದನ್ನು ಕೊಂಡು, ಅದರ ಮೇಲೆ ಕನ್ನಡವನ್ನು ಸೇರಿಸಿಕೊಳ್ಳುತ್ತಾರೆ. ಪಿಂಚಣಿಯಲ್ಲಿ ಬದುಕುವವರು ತಾವು ನೋಡದ ವಾಹಿನಿಗಳಿಗೂ ತಿಂಗಳು ತಿಂಗಳು ಹಣ ಕಟ್ಟುತ್ತಾರೆ.

ಹಣ ಕಟ್ಟಿದ ಮೇಲೂ ವಾಹಿನಿಯನ್ನು ಹುಡುಕಬೇಕು. ಒಂದೇ ಪ್ರಕಾರದ ವಾಹಿನಿಗಳು ಒಟ್ಟಿಗಿರಬೇಕು, ಆ ಪ್ರಕಾರದೊಳಗೆ ಒಂದೇ ಭಾಷೆಯವು ಸಾಲಾಗಿರಬೇಕು ಎನ್ನುತ್ತದೆ ನಿಮ್ಮ 2017ರ ನಿಯಮ. ದಿಲ್ಲಿಯಿಂದ ನೋಡಿದರೆ ಅದು ಅಚ್ಚುಕಟ್ಟು. ಕಾಂದಿವಲಿಯ ಅಜ್ಜಿಗೆ ಅದರ ಅರ್ಥ ಬೇರೆ: ಕನ್ನಡ ಧಾರಾವಾಹಿ ಒಂದು ಕಡೆ, ಕನ್ನಡ ಸಿನಿಮಾ ಇನ್ನೊಂದು ಕಡೆ, ಕನ್ನಡ ಸುದ್ದಿ ಮತ್ತೆಲ್ಲೋ. ಅವರಿಗೆ ಮೊದಲು ಬೇಕಾದದ್ದು ಕನ್ನಡ. ಸಿನಿಮಾವೋ ಸುದ್ದಿಯೋ ಎಂಬುದು ಆಮೇಲಿನ ಮಾತು. ನಮ್ಮ ಪಕ್ಕದ ಮನೆಯ ಹಿರಿಯರೊಬ್ಬರು ಚಂದನದ ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಟ್ಟುಕೊಂಡಿದ್ದರು. ಒಂದು ದಿನ ಕೇಬಲ್ ಕಂಪನಿ ಸಂಖ್ಯೆ ಬದಲಿಸಿತು. ಚಂದನವೇ ನಿಂತುಹೋಯಿತೆಂದು ಅವರು ತಿಳಿದುಕೊಂಡರು. ಎಲ್ಲ ಕೇಬಲ್ ಜಾಲಗಳೂ ಕಡ್ಡಾಯವಾಗಿ ಕೊಡಬೇಕಾದ ದೂರದರ್ಶನ ವಾಹಿನಿಗಳಲ್ಲಿ ಚಂದನವೂ ಒಂದು. ಅಂಥ ವಾಹಿನಿ ಸಂಖ್ಯೆಗಳ ನಡುವೆ ಕಳೆದುಹೋದರೆ ಕಾನೂನು ಪಾಲನೆಯಾದರೂ ವೀಕ್ಷಕನಿಗೆ ಪ್ರಯೋಜನವಿಲ್ಲ.

ಇನ್ನು ಕೀಲಿಯ ಮಾತು. ತಂತಿಯಲ್ಲಿ ಬರುವ ಚಿತ್ರವನ್ನು ಕಂಪನಿ ಗೂಢಲಿಪಿಯಲ್ಲಿ ಕಳಿಸುತ್ತದೆ. ನಮ್ಮ ಬಾಕ್ಸಿನ ಸಂಖ್ಯೆಗೆ ಅನುಮತಿ ಬಂದರೆ ಮಾತ್ರ ಅದು ಬಿಡಿಸಿ ತೋರಿಸುತ್ತದೆ. ಕದ್ದು ನೋಡುವುದನ್ನು ತಡೆಯಲು ಇದು ಬೇಕು, ಒಪ್ಪುತ್ತೇನೆ. ಆದರೆ ಒಂದು ಕಂಪನಿಯ ಗೂಢಲಿಪಿಯನ್ನು ಇನ್ನೊಂದು ಕಂಪನಿಯ ಬಾಕ್ಸ್ ಓದುವುದಿಲ್ಲ. ಕನ್ನಡ ವಾಹಿನಿಗಳನ್ನು ಚೆನ್ನಾಗಿ ಕೊಡುವ ಬೇರೆ ಜಾಲಕ್ಕೆ ಹೋಗಬೇಕಾದರೆ, ಹಣ ಕೊಟ್ಟು ಕೊಂಡ ಬಾಕ್ಸನ್ನು ಮೂಲೆಗೆ ಹಾಕಿ ಹೊಸದನ್ನು ತರಬೇಕು. ಮೊಬೈಲ್ ಸಂಖ್ಯೆ ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ ದೇಶದಲ್ಲಿ ಜಾರಿಗೆ ಬಂದದ್ದು ನಿಮ್ಮ ನಿಯಮದಿಂದಲೇ. ಬಾಕ್ಸಿಗೂ ಅಂಥದೇ ಸ್ವಾತಂತ್ರ್ಯ ಬೇಕೆಂದು 2020ರ ಏಪ್ರಿಲ್‌ನಲ್ಲಿ ನಿಮ್ಮ ಪ್ರಾಧಿಕಾರವೇ ಸರ್ಕಾರಕ್ಕೆ ಶಿಫಾರಸು ಮಾಡಿತು. ಆ ಶಿಫಾರಸು ಇನ್ನೂ ನಮ್ಮ ಮನೆಯವರೆಗೆ ಬಂದಿಲ್ಲ.

ಮಾಸಿಕ ಶುಲ್ಕವಿಲ್ಲದ ಡಿಡಿ ಫ್ರೀ ಡಿಶ್ ಇದೆಯಲ್ಲ ಎನ್ನಬಹುದು. ಅದು 2004ರಿಂದ ಇದೆ, ಊರಿನ ಕಡೆ ಲಕ್ಷಾಂತರ ಮನೆಗಳಿಗೆ ಆಸರೆಯಾಗಿದೆ. ಆದರೆ ಅದರ ಉಪಗ್ರಹ 93.5 ಡಿಗ್ರಿ ಪೂರ್ವದಲ್ಲಿದೆ. ಮುಂಬೈಯಿಂದ ತಟ್ಟೆಯನ್ನು ಆಗ್ನೇಯಕ್ಕೆ ತಿರುಗಿಸಬೇಕು. ಪಶ್ಚಿಮಕ್ಕೆ ಮುಖ ಮಾಡಿದ ಫ್ಲ್ಯಾಟಿನ ಕಿಟಕಿಗೆ ಆ ಆಕಾಶವೇ ಕಾಣದು. ಟೆರೇಸಿನಲ್ಲಿ ಡಿಶ್ ಇಡಲು ಸೊಸೈಟಿಯ ಒಪ್ಪಿಗೆ ಬೇಕು. ಬಾಡಿಗೆದಾರರಿಗೆ ಅದು ಸುಲಭವಾಗಿ ಸಿಗುವುದಿಲ್ಲ. ಉಪಗ್ರಹ ಟ್ಯೂನರ್ ಟಿವಿಯೊಳಗೇ ಇರುವಂತೆ ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಮಾನದಂಡ ಪ್ರಕಟಿಸಿದೆ. ಸ್ವಾಗತ. ಅಂಥ ಟಿವಿಗೂ ಆಕಾಶ ಕಾಣಲೇಬೇಕು. ಎತ್ತರದ ಕಟ್ಟಡಗಳ ನಡುವೆ ಬದುಕುವ ನಮ್ಮಂಥವರಿಗೆ ಕೇಬಲ್ ಬಿಟ್ಟರೆ ಸುಲಭದ ದಾರಿಯಿಲ್ಲ. ಆದ್ದರಿಂದಲೇ ಕೇಬಲ್‌ಗೆ ಸಂಬಂಧಿಸಿದ ನಿಯಮ ನಮ್ಮನ್ನೂ ನೋಡಬೇಕು.

ನನ್ನ ಕೋರಿಕೆ ಮೂರು. ಎಲ್ಲ ಬಾಕ್ಸ್‌ಗಳಲ್ಲೂ ಭಾಷೆಯ ಪ್ರಕಾರ ಪಟ್ಟಿ ತೆರೆಯುವ ಸೌಲಭ್ಯ ಕಡ್ಡಾಯವಾಗಲಿ: ರಿಮೋಟಿನ ಒಂದು ಗುಂಡಿ ಒತ್ತಿದರೆ ಕನ್ನಡದ್ದೆಲ್ಲ ಒಂದೇ ಕಡೆ ಸಿಗಲಿ, ಆ ಪಟ್ಟಿ ಕನ್ನಡ ಲಿಪಿಯಲ್ಲೂ ಇರಲಿ. ಎರಡನೆಯದಾಗಿ, ಸ್ಥಳೀಯ ಪ್ಯಾಕ್‌ಗೆ ಎಷ್ಟು ರಿಯಾಯಿತಿ ಸಿಗುತ್ತದೋ, ರಾಜ್ಯದ ಹೊರಗಿನ ಭಾಷೆಗಳ ಪ್ಯಾಕ್ ಕೇಳಿದವರಿಗೂ ಅಷ್ಟೇ ಸಿಗಲಿ. ಮೂರನೆಯದಾಗಿ, ಯಾವ ಜಾಲದಲ್ಲಾದರೂ ನಡೆಯುವ ಬಾಕ್ಸಿನ ಬಗ್ಗೆ ನೀವೇ ಮಾಡಿದ ಶಿಫಾರಸಿಗೆ ಒಂದು ಗಡುವು ಪಡೆಯಿರಿ.

ಇದು ಕನ್ನಡಿಗರ ಹಟ ಮಾತ್ರವಲ್ಲ. ಬೆಂಗಳೂರಿನ ತಮಿಳರಿಗೆ, ಸೂರತ್ತಿನ ಒಡಿಯಾ ನೇಕಾರರಿಗೆ, ದಿಲ್ಲಿಯ ಮಲಯಾಳಿ ದಾದಿಯರಿಗೆ ಇದೇ ನಿಯಮದಿಂದ ಇದೇ ಅನುಕೂಲ ಆಗುತ್ತದೆ. ನಿಯಮ ಬರೆಯುವ ಮುನ್ನ ನೀವು ಸಮಾಲೋಚನಾ ಪತ್ರ ಪ್ರಕಟಿಸಿ ಜನರ ಅಭಿಪ್ರಾಯ ಕೇಳುತ್ತೀರಿ. ಮುಂದಿನ ಪತ್ರದಲ್ಲಿ, ತನ್ನ ರಾಜ್ಯದಿಂದ ಹೊರಗಿರುವ ವೀಕ್ಷಕ ತನ್ನ ಭಾಷೆಯನ್ನು ಹೇಗೆ ಪಡೆಯಬೇಕು ಎಂಬ ಪ್ರಶ್ನೆಯನ್ನು ಸೇರಿಸಿ. ಮುಂಬೈಯ ಕನ್ನಡ ಸಂಘಗಳವರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಆ ಪ್ರಶ್ನೆಗೆ ಉತ್ತರ ಬರೆದು ಕಳಿಸಿ. ರಾಜ್ಯೋತ್ಸವದ ವೇದಿಕೆಯಲ್ಲಿ ನಾವು ಆಡುವ ಭಾಷಾಭಿಮಾನದ ಮಾತಿನಷ್ಟೇ ಈ ಅರ್ಜಿಯೂ ಕನ್ನಡದ ಕೆಲಸ.

ಇತಿ,
ಕಾಂದಿವಲಿ ಪಶ್ಚಿಮದ ಒಬ್ಬ ಕನ್ನಡ ವೀಕ್ಷಕ